ಹಿಡಿಗುಂಡಿನ ತೂಗು

ಅರುವತ್ತನೆಯ ವಯಸ್ಸಿನಲ್ಲಿ ಕಬ್ಬಿಣದ ಗುಂಡನ್ನು ಕೈಯಲ್ಲಿ ಹಿಡಿದವರೆಂದು ನಮ್ಮ ಬೀದಿಯಲ್ಲಿ ನಮಗೆ ಒಂದು ಬಗೆಯ ಹೆಸರು ಬಂದಿರುತ್ತದೆ. ಆ ಹೆಸರು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ವಿಚಾರಿಸಲು ನಾವು ಹೋಗಿಲ್ಲ. ಮೂವತ್ತಮೂರು ವರ್ಷಕಾಲ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸುತ್ತ, ನಿಂತು ಪಾಠ ಹೇಳುವುದು, ಕುಳಿತು ಉತ್ತರಪತ್ರಿಕೆ ತಿದ್ದುವುದು, ಇವೆರಡನ್ನು ಬಿಟ್ಟರೆ ಮೂರನೆಯ ಅಂಗಚಲನೆಯನ್ನೇ ಅರಿಯದೆ ನಿವೃತ್ತರಾದ ನಾವು ಈ ಮಾರ್ಗಕ್ಕೆ ಬಂದುದು ಉತ್ಸಾಹದಿಂದಲ್ಲ, ಭಯದಿಂದ.

ಕಳೆದ ವರ್ಷದ ಶ್ರಾವಣಮಾಸದಲ್ಲಿ ಮಗಳು ತೌರಿಗೆ ಬಂದಿದ್ದಳು. ಅವಳ ಮಗನಿಗೆ ಆಗ ಎರಡೂವರೆ ವರ್ಷ. ತೂಕ ೧೩ ಕಿಲೋಗ್ರಾಂ. "ತಾತ, ಎತ್ತಿಕೋ" ಎಂದು ಅವನು ಕೈ ಚಾಚಿದನು. ಬಗ್ಗಿ ಎತ್ತಿದೆವು. ಸೊಂಟದಲ್ಲಿ ಯಾರೋ ಕೊಂಡಿ ಸಿಕ್ಕಿಸಿದಂತಾಗಿ, ಮಗುವನ್ನು ಮೇಲೆತ್ತಲೂ ಆಗದೆ ಕೆಳಗಿಡಲೂ ಆಗದೆ, ಅರ್ಧ ಬಗ್ಗಿದ ಭಂಗಿಯಲ್ಲಿಯೇ ನಿಂತುಬಿಟ್ಟೆವು. ನಮ್ಮ ಮನೆಯವರು ಅಡಿಗೆಮನೆಯಿಂದ ಓಡಿಬಂದು ಮಗುವನ್ನು ತೆಗೆದುಕೊಂಡರು. ಆಮೇಲೆ ಹನ್ನೊಂದು ದಿನ ಹಾಸಿಗೆ ಹಿಡಿದಿದ್ದೆವು. ನೋವಿಗಿಂತ ಹೆಚ್ಚಾಗಿ ನಮ್ಮನ್ನು ಬಾಧಿಸಿದ್ದು ಇದು: ಮುಂದೆ ಆ ಹುಡುಗನು ಕೈ ಚಾಚುವಾಗಲೆಲ್ಲ ಅವನ ತಾಯಿ "ಬೇಡಪ್ಪ, ತಾತನಿಗೆ ಆಗುವುದಿಲ್ಲ" ಎಂದು ತಡೆಯಲಾರಂಭಿಸಿದಳು. ಆ ಮಾತು ಅವಳಿಗೆ ಸಹಜವಾಗಿತ್ತು. ನಮಗೆ ಮಾತ್ರ ಶಿಲಾಶಾಸನದಂತೆ ಕೇಳಿಸಿತು.

ವೈದ್ಯರು ಪರೀಕ್ಷಿಸಿ, ಎಲುಬಿಗೆ ಏನೂ ಆಗಿಲ್ಲವೆಂದೂ, ಪೃಷ್ಠದ ಮತ್ತು ತೊಡೆಯ ಹಿಂಭಾಗದ ಸ್ನಾಯುಗಳು ಕೆಲಸವಿಲ್ಲದೆ ಸೊರಗಿರುವುದರಿಂದ ಅವು ಮಾಡಬೇಕಾದುದನ್ನೆಲ್ಲ ಸೊಂಟವೊಂದೇ ಹೊತ್ತುಕೊಂಡಿರುವುದೆಂದೂ, ನೋವು ಇಳಿದ ಬಳಿಕ ವ್ಯಾಯಾಮವೇ ಔಷಧವೆಂದೂ ಹೇಳಿದರು. ಉಪಾಧ್ಯಾಯರ ಭಾಷೆಯಲ್ಲಿ ಹೇಳುವುದಾದರೆ, ಹಿಂದಿನ ಬೆಂಚಿನ ಹುಡುಗರು ನಿದ್ರಿಸುತ್ತಿದ್ದುದರಿಂದ ಎಲ್ಲ ಪ್ರಶ್ನೆಗಳಿಗೂ ಮುಂದಿನ ಬೆಂಚಿನವನೊಬ್ಬನೇ ಉತ್ತರ ಹೇಳಿ ಬಳಲಿದ್ದನು. ನಮ್ಮ ತಂಗಿಯ ಮಗನು ಬೆಂಗಳೂರಿನಲ್ಲಿ ವ್ಯಾಯಾಮಶಿಕ್ಷಕನಾಗಿರುವನು. ಎರಡು ತಿಂಗಳ ತರುವಾಯ ಅವನು ಒಂದು ಚೀಲದಲ್ಲಿ ಭಾರವಾದದ್ದೇನನ್ನೋ ತಂದು ಹಜಾರದಲ್ಲಿಟ್ಟು, "ಮಾವ, ಇದನ್ನು ಎತ್ತಬೇಡಿ, ತೂಗಿ" ಎಂದನು.

ಚೀಲದಲ್ಲಿದ್ದುದು ೮ ಕಿಲೋಗ್ರಾಂ ತೂಕದ ಕೆಟಲ್‌ಬೆಲ್. ಫಿರಂಗಿಯ ಗುಂಡಿನ ನೆತ್ತಿಗೆ ಬಿಂದಿಗೆಯ ಕಂಠದಷ್ಟು ದಪ್ಪನಾದ ಹಿಡಿಯೊಂದನ್ನು ಬೆಸೆದಂತೆ ಅದರ ಆಕಾರ. ಆದಕಾರಣ ಈ ಲೇಖನದಲ್ಲಿ ಅದನ್ನು ಹಿಡಿಗುಂಡೆಂದು ಕರೆಯುವೆವು. ಅದರ ಜನ್ಮಭೂಮಿ ರಷ್ಯಾದೇಶ. ಅಲ್ಲಿ ಅದಕ್ಕೆ ಗಿರ್ಯಾ ಎಂದು ಹೆಸರು. ಮೊದಲು ಅದು ವ್ಯಾಯಾಮದ ಸಾಧನವಾಗಿರಲಿಲ್ಲ, ಸಂತೆಯಲ್ಲಿ ಧಾನ್ಯ ತೂಗುವ ಬಟ್ಟಾಗಿತ್ತು. ರಷ್ಯದ ಹಳೆಯ ತೂಕವಾದ ಪೂಡ್ ಎಂಬುದು ೧೬.೩೮ ಕಿಲೋಗ್ರಾಮಿಗೆ ಸಮ. ಇಂದಿಗೂ ಹಿಡಿಗುಂಡುಗಳು ೧೬, ೨೪, ೩೨ ಕಿಲೋಗ್ರಾಂಗಳಲ್ಲಿ ಬರುವುದು ಒಂದು ಪೂಡ್, ಒಂದೂವರೆ ಪೂಡ್, ಎರಡು ಪೂಡ್ ಎಂಬ ಆ ಹಳೆಯ ಲೆಕ್ಕದಿಂದಲೇ. ವ್ಯಾಪಾರವಿಲ್ಲದ ಹೊತ್ತಿನಲ್ಲಿ ಬಟ್ಟನ್ನು ಎತ್ತಿ ಬಲ ತೋರಿಸುವ ಚಪಲವು ಯಾವ ದೇಶದ ಸಂತೆಯಲ್ಲಿ ತಾನೆ ಇಲ್ಲ! ೧೮೮೫ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವೈದ್ಯರಾದ ವ್ಲಾದಿಸ್ಲಾವ್ ಕ್ರಾಯೆವ್‌ಸ್ಕಿಯವರು ಹವ್ಯಾಸಿ ಬಲಸಾಧಕರ ಕೂಟವೊಂದನ್ನು ಸ್ಥಾಪಿಸಿ ಈ ಚಪಲಕ್ಕೆ ಶಾಸ್ತ್ರದ ಹದ್ದನ್ನು ಹಾಕಿದರು. ರಷ್ಯದ ಸಿಂಹವೆಂದು ಹೆಸರಾದ ಕುಸ್ತಿಪಟು ಜಾರ್ಜ್ ಹ್ಯಾಕನ್‌ಶ್ಮಿಟ್ ಪಳಗಿದ್ದು ಈ ವೈದ್ಯರ ಮನೆಯಲ್ಲಿಯೇ. ಮುಂದೆ ಸೋವಿಯತ್ ಆಳ್ವಿಕೆಯಲ್ಲಿ ಇದು ಸ್ಪರ್ಧೆಯ ಕ್ರೀಡೆಯಾಯಿತು. ಗುಂಡನ್ನು ಕೆಳಗಿಡದೆ ೧೦ ನಿಮಿಷದಲ್ಲಿ ಎಷ್ಟು ಬಾರಿ ಎತ್ತುವರೆಂಬುದೇ ಅದರ ಪಣ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ, ಮಿನ್ಸ್ಕ್ ನಗರದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಪಾವೆಲ್ ಸತ್ಸುಲೀನ್ ಎಂಬವರ ಬೋಧನೆಯಿಂದ ಅದು ಪಶ್ಚಿಮದೇಶಗಳಿಗೂ, ಅಲ್ಲಿಂದ ನಮ್ಮ ಊರುಗಳ ವ್ಯಾಯಾಮಶಾಲೆಗಳಿಗೂ ಹರಡಿತು.

ಭಾರವನ್ನು ಸಾಧನೆಗೆ ಬಳಸುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಪ್ರಕರಣದಲ್ಲಿ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂಬುದಾಗಿ ಮಲ್ಲರ ಅಭ್ಯಾಸಗಳನ್ನು ವಿಂಗಡಿಸಿದೆ. ಗರಡಿಯ ಗದೆ, ಮುದ್ಗರಗಳು, ಉತ್ತರ ಕರ್ನಾಟಕದ ಸಂಗ್ರಾಣಿ ಕಲ್ಲು, ಇವನ್ನು ವಾಚಕರು ಬಲ್ಲರು. ನಾವು ಸಹ ಬಲ್ಲೆವು, ಆದರೆ ದೂರದಿಂದ. ಮಾನಸೋಲ್ಲಾಸದ ಆ ಭಾಗವನ್ನು ಓದಿ ಟಿಪ್ಪಣಿ ಬರೆದುಕೊಂಡವರು ಒಂದು ಕಲ್ಲನ್ನಾದರೂ ಎತ್ತಿರಲಿಲ್ಲವೆಂಬುದು ನಮ್ಮ ವಿದ್ಯೆಯ ಸ್ಥಿತಿ.

ಹಿಡಿಗುಂಡಿನ ವ್ಯಾಯಾಮಗಳಿಗೆಲ್ಲ ತಳಹದಿಯಾದುದನ್ನು ಇಂಗ್ಲಿಷಿನಲ್ಲಿ ಸ್ವಿಂಗ್ ಎನ್ನುವರು. ದೋಲನವೆಂದು ಭಾಷಾಂತರಿಸಲು ಮೊದಲು ಹೊರಟಿದ್ದೆವು. ಆದರೆ ಸೋದರಳಿಯನ ಬಾಯಿಂದ ಸಹಜವಾಗಿ ಬಂದ ತೂಗು ಎಂಬ ಮಾತೇ ಸರಿಯೆಂದು ಈಗ ನಮ್ಮ ಅಭಿಪ್ರಾಯ. ತಕ್ಕಡಿಯಲ್ಲಿ ಧಾನ್ಯವನ್ನು ತೂಗುವುದೂ ತೊಟ್ಟಿಲಲ್ಲಿ ಮಗುವನ್ನು ತೂಗುವುದೂ ಕನ್ನಡದಲ್ಲಿ ಒಂದೇ ಮಾತಷ್ಟೆ. ಸಂತೆಯ ಬಟ್ಟಾಗಿದ್ದ ವಸ್ತುವನ್ನು ತೊಟ್ಟಿಲಿನಂತೆ ಆಡಿಸುವ ಈ ಕ್ರಿಯೆಗೆ ಇದಕ್ಕಿಂತ ಒಪ್ಪುವ ಹೆಸರು ಎಲ್ಲಿ ದೊರೆಯಬೇಕು? ಬೀಸು ಎಂದು ಕರೆಯಬಹುದಲ್ಲ ಎಂದು ಕೆಲವರು ಕೇಳಿಯಾರು. ಬೀಸುವುದೆಂದರೆ ತೋಳಿನ ಕೆಲಸ. ಇಲ್ಲಿ ತೋಳಿನಿಂದ ಬೀಸಿದವನೇ ಕೆಡುವನು.

ಅದರ ಕ್ರಮವೇನೆಂದರೆ: ಪಾದಗಳನ್ನು ಭುಜದಗಲಕ್ಕಿಂತ ತುಸು ಹೆಚ್ಚಾಗಿ ಅಗಲಿಸಿ, ಗುಂಡನ್ನು ಒಂದು ಅಡಿಯಷ್ಟು ಮುಂದೆ ನೆಲದ ಮೇಲಿಟ್ಟು ನಿಲ್ಲಬೇಕು. ಎರಡು ಕೈಗಳಲ್ಲಿಯೂ ಸಾಮಾನು ಹಿಡಿದವನು ತನ್ನ ಹಿಂದಿನ ಬಾಗಿಲನ್ನು ಪೃಷ್ಠದಿಂದ ದೂಡಿ ಮುಚ್ಚುವಂತೆ, ಪೃಷ್ಠವನ್ನು ಹಿಂದಕ್ಕೆ ಸರಿಸಿ, ಮೊಣಕಾಲನ್ನು ಸ್ವಲ್ಪವೇ ಮಡಿಸಿ, ಬೆನ್ನನ್ನು ನೇರವಾಗಿಟ್ಟು ಬಗ್ಗಬೇಕು. ಹಿಡಿಯನ್ನು ಎರಡು ಕೈಯಿಂದಲೂ ಹಿಡಿದು, ಗುಂಡನ್ನು ತೊಡೆಗಳ ನಡುವೆ ಹಿಂದಕ್ಕೆ ಸೆಳೆದು, ಒಡನೆಯೇ ಪೃಷ್ಠವನ್ನು ಬಿಗಿದು ಸೆಟೆದು ನಿಲ್ಲಬೇಕು. ಆ ಸೆಟೆತದ ರಭಸಕ್ಕೆ ಗುಂಡು ಎದೆಯ ಮಟ್ಟಕ್ಕೆ ತಾನಾಗಿ ತೇಲಿಬರುವುದು. ತುತ್ತತುದಿಯಲ್ಲಿ ಒಂದು ಕ್ಷಣ ತೂಕವೇ ಇಲ್ಲದಂತೆ ನಿಲ್ಲುವುದು. ಬಳಿಕ ತಾನಾಗಿ ಇಳಿಯುವುದು. ಇಳಿಯುತ್ತ ಬಂದ ಗುಂಡು ಇನ್ನೇನು ಹೊಟ್ಟೆಗೆ ತಗಲಿತೆನ್ನುವವರೆಗೆ ಕಾದು, ಆಗ ಪೃಷ್ಠವನ್ನು ಹಿಂದಕ್ಕೆ ಸರಿಸಿ ಅದಕ್ಕೆ ದಾರಿ ಬಿಡಬೇಕು. ತೋಳುಗಳು ತೊಟ್ಟಿಲ ಹಗ್ಗಗಳು ಮಾತ್ರ. ಹಗ್ಗವು ತೊಟ್ಟಿಲನ್ನು ತೂಗುವುದುಂಟೆ? ಮೇಲೇರುವಾಗ ಉಸಿರನ್ನು ಚುಟುಕಾಗಿ ಹೊರಬಿಡಬೇಕು, ಬಿಗಿಹಿಡಿದು ನಿಲ್ಲಿಸಬಾರದು. ರಕ್ತದ ಒತ್ತಡವುಳ್ಳವರು ಇದನ್ನು ಮುಖ್ಯವಾಗಿ ಗಮನಿಸತಕ್ಕದ್ದು. ಹೃದಯದ ಬೇನೆ, ಅಂಡವಾಯು, ಎಲುಬಿನ ಸವೆತ, ಈಚೆಗೆ ಆದ ಕಣ್ಣಿನ ಶಸ್ತ್ರಚಿಕಿತ್ಸೆ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಇದರ ಸಮೀಪಕ್ಕೂ ಹೋಗಬಾರದು.

ಮೊದಲ ತಿಂಗಳು ನಾವು ಮಾಡಿದುದೆಲ್ಲ ತಪ್ಪೇ. ಬಸ್ಕಿ ಹೊಡೆಯುವವರಂತೆ ಮೊಣಕಾಲು ಮಡಿಸಿ ಕುಕ್ಕರಿಸುತ್ತಿದ್ದೆವು. ಮೇಲೆ ನಿಂತಾಗ ಶೌರ್ಯಾತಿಶಯದಿಂದ ಹಿಂದಕ್ಕೆ ವಾಲುತ್ತಿದ್ದೆವು. ಸೋದರಳಿಯನು ಬೆನ್ನ ಮೇಲೆ ನೆಲಗುಡಿಸುವ ಉದ್ದನೆಯ ಕೋಲೊಂದನ್ನು ಇಟ್ಟು, ತಲೆ, ಬೆನ್ನು, ತ್ರಿಕಾಸ್ಥಿ ಮೂರೂ ಅದಕ್ಕೆ ತಗಲಿರುವಂತೆಯೇ ಬಗ್ಗುವುದನ್ನು ನೂರು ಸಲ ಮಾಡಿಸಿದನು. ಒಂದು ಕಾಲಕ್ಕೆ ನಾವು ಅವನಿಗೆ ಶಬ್ದರೂಪಗಳನ್ನು ಕಂಠಪಾಠ ಮಾಡಿಸಿದ್ದೆವು. ಆ ಋಣವು ಬಡ್ಡಿಯೊಡನೆ ತೀರಿತು.

ಸೊಂಟ ನೊಂದವರಿಗೆ ಇಂಥ ರಭಸದ ವ್ಯಾಯಾಮವು ಸಲ್ಲುವುದೇ ಎಂಬ ಶಂಕೆ ನ್ಯಾಯವಾದುದೇ. ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯದ ಬೆನ್ನೆಲುಬಿನ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಅವರು ಸಹೋದ್ಯೋಗಿಯೊಡನೆ ಈ ತೂಗನ್ನು ಅಳೆದು ೨೦೧೨ರಲ್ಲಿ ಪ್ರಕಟಿಸಿದರು. ಸಾಮಾನ್ಯವಾಗಿ ಭಾರ ಎತ್ತುವಾಗ ಕೆಳಸೊಂಟದ ಕಶೇರುಗಳ ಮೇಲೆ ಬೀಳುವ ಸರಿತದ ಬಲವು ಒಂದು ದಿಕ್ಕಿನದಾದರೆ, ತೂಗಿನಲ್ಲಿ ಅದು ಅದಕ್ಕೆ ವಿರುದ್ಧ ದಿಕ್ಕಿನದೆಂದು ಅವರು ಕಂಡರು. ಇದರಿಂದ ಬೆನ್ನು ಸುಧಾರಿಸಿತೆಂದು ಅನೇಕರು ಹೇಳುವುದಕ್ಕೂ, ಕೆಲವರಿಗೆ ಮಾತ್ರ ನೋವು ಕೆರಳುವುದಕ್ಕೂ ಕಾರಣವು ಇಲ್ಲಿರಬಹುದೆಂದು ಅವರ ಮತ. ಒಬ್ಬನಿಗೆ ಔಷಧವಾದದ್ದು ಇನ್ನೊಬ್ಬನಿಗೆ ಅಪಥ್ಯವಾಗಬಹುದು. ಆದಕಾರಣ ಈ ಲೇಖನವನ್ನು ಓದಿದ ಮಾತ್ರಕ್ಕೆ ಯಾರೂ ಗುಂಡನ್ನು ಕೊಳ್ಳಲು ಅಂಗಡಿಗೆ ಹೊರಡಬಾರದೆಂದು ಪ್ರಾರ್ಥನೆ.

ನಾಲ್ಕು ತಿಂಗಳಾಗುವಷ್ಟರಲ್ಲಿ ನಮ್ಮ ಸೊಂಟ ಸಡಿಲವಾಯಿತು, ನಿದ್ರೆ ಹದವಾಯಿತು, ೮ರಿಂದ ೧೨ ಕಿಲೋಗ್ರಾಮಿನ ಗುಂಡಿಗೆ ಬಡ್ತಿಯೂ ದೊರೆಯಿತು. ಆಗ ಹೊಸ ರೋಗವೊಂದು ತಗಲಿತು. ಅದರ ಹೆಸರು ಬೇಸರ. ಬೆಳಗ್ಗೆ ಎದ್ದರೆ ಅದೇ ಹಜಾರ, ಅದೇ ಗುಂಡು, ಅದೇ ಹತ್ತು ತೂಗು, ವಿಶ್ರಾಂತಿ, ಮತ್ತೆ ಹತ್ತು. ಇಂದು ಮಳೆ, ನಾಳೆ ಏಕಾದಶಿ, ನಾಡಿದ್ದು ಮದುವೆಯ ಊಟ ಎಂದು ನೆಪಗಳು ಸಾಲುಗಟ್ಟಿದವು. ಮೂರು ವಾರ ಗುಂಡನ್ನು ಮುಟ್ಟಲಿಲ್ಲ. ಮೂರನೆಯ ವಾರದ ಕೊನೆಗೆ, ದೇವರ ಮನೆಯಲ್ಲಿ ನಮಸ್ಕಾರಮಾಡಿ ಏಳುವಾಗ ಸೊಂಟವು ಹಳೆಯ ಪರಿಚಯವನ್ನು ಜ್ಞಾಪಿಸಿತು.

ಬೇಸರ ಕಳೆಯಲು ನಾವು ಹಿಡಿದ ಉಪಾಯವು ನಮ್ಮ ವಯಸ್ಸಿಗೂ ವೃತ್ತಿಗೂ ತಕ್ಕುದಾಗಿರಲಿಲ್ಲ. ಫೋನಿನಲ್ಲಿ ಯಾರೋ ತರುಣನು ಗುಂಡನ್ನು ತೂಗಿ, ತುದಿಯಲ್ಲಿ ಕೈಬಿಟ್ಟು, ಅದು ಗಾಳಿಯಲ್ಲಿ ಒಂದು ಸುತ್ತು ತಿರುಗಿದೊಡನೆ ಮತ್ತೆ ಹಿಡಿಯುವ ಚಮತ್ಕಾರವನ್ನು ನೋಡಿದೆವು. ಮರುದಿನ ಬೆಳಗ್ಗೆ ಅದನ್ನೇ ಮಾಡಿದೆವು. ಗುಂಡು ತಿರುಗಿತು, ಹಿಡಿ ಮಾತ್ರ ಕೈಗೆ ಬರಲಿಲ್ಲ. ಹನ್ನೆರಡು ಕಿಲೋಗ್ರಾಂ ಕಬ್ಬಿಣವು, ನಮ್ಮ ತಂದೆಯವರ ಕಾಲದ ಕೆಂಪು ಗಾರೆಯ ನೆಲದ ಮೇಲೆ ಬಿದ್ದು, ಅಂಗೈಯಗಲದ ಹಳ್ಳವನ್ನು ತೋಡಿ, ಉರುಳಿ, ನಡುಮನೆಯ ಹೊಸ್ತಿಲಿಗೆ ಬಡಿದು ನಿಂತಿತು. ಆ ಹೊಸ್ತಿಲಿನ ಆಚೆಗೆ ಮೊಮ್ಮಗನು ಚಾಪೆಯ ಮೇಲೆ ಮರದ ಆನೆಯೊಂದಿಗೆ ಆಡುತ್ತಿದ್ದನು. ಯಾರನ್ನು ಎತ್ತುವ ಬಲಕ್ಕಾಗಿ ಇಷ್ಟೆಲ್ಲ ಪ್ರಯಾಸಪಟ್ಟೆವೋ ಅವನಿಗೂ ಆ ಗುಂಡಿಗೂ ನಡುವೆ ಇದ್ದುದು ನಾಲ್ಕು ಅಂಗುಲದ ಹೊಸ್ತಿಲು. ಇದನ್ನು ಬರೆಯುವಾಗಲೂ ನಮ್ಮ ಕೈ ತಣ್ಣಗಾಗುತ್ತದೆ.

ನಮ್ಮ ಮನೆಯವರು ಏನೂ ಅನ್ನಲಿಲ್ಲ. ಗುಂಡನ್ನು ಉಗ್ರಾಣಕ್ಕೆ ಒಯ್ದು, ಬೆಕ್ಕು ಕೆಡವದಂತೆ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಹೇರಿದರು. ಸಂಜೆ ದೀಪ ಹಚ್ಚಿದ ಮೇಲೆ ಕೇಳಿದರು:

"ಅಷ್ಟು ಬೇಸರವೇ ನಿಮಗೆ?"

"ದಿನಾ ಒಂದೇ ಆದರೆ ಯಾರಿಗೆ ಬೇಸರವಾಗುವುದಿಲ್ಲ?"

"ಮೂವತ್ತು ವರ್ಷದಿಂದ ಈ ಬೀದಿಯ ಮಕ್ಕಳಿಗೆಲ್ಲ ಮಾಯಾಮಾಳವಗೌಳದ ಸರಳೆ ಹೇಳಿಕೊಡುತ್ತಿದ್ದೇನೆ. ಇರುವುದು ಏಳೇ ಸ್ವರ. ಆ ಏಳನ್ನೇ ಜಂಟಿಯಲ್ಲಿ ಎರಡೆರಡಾಗಿ ಹಾಡಿಸುತ್ತೇನೆ, ದಾಟಿನಲ್ಲಿ ದಾಟಿಸುತ್ತೇನೆ, ಅಲಂಕಾರದಲ್ಲಿ ತಾಳ ಬದಲಾಯಿಸುತ್ತೇನೆ, ಎಲ್ಲವನ್ನೂ ಮೂರು ಕಾಲದಲ್ಲಿ ಹಾಡಿಸುತ್ತೇನೆ. ಬೇಸರವೆಂದು ಯಾವ ಮಗುವೂ ತಂಬೂರಿಯನ್ನು ಮೇಲಕ್ಕೆಸೆದು ಹಿಡಿದದ್ದಿಲ್ಲ."

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಸೋದರಳಿಯನಿಗೆ ಹೇಳಿಕಳುಹಿಸಿದೆವು. ನಡೆದುದನ್ನು ಕೇಳಿ ಅವನು ನಗಲಿಲ್ಲ. ಅತ್ತೆಯ ಮಾತೇ ಸರಿಯೆಂದೂ, ವೈವಿಧ್ಯವೆಂದರೆ ಮೂಲವನ್ನು ಬಿಟ್ಟು ಹಾರುವುದಲ್ಲವೆಂದೂ, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕೆಂದೂ ಹೇಳಿ, ಒಂದು ಕ್ರಮವನ್ನು ಹಾಕಿಕೊಟ್ಟನು. ಈಗ ಏಳು ತಿಂಗಳಿಂದ ಅದನ್ನು ನಡೆಸಿಕೊಂಡು ಬಂದಿದ್ದೇವೆ.

ಮೊದಲನೆಯದಾಗಿ ಕೈಕಾಲುಗಳ ರೀತಿಯನ್ನು ಮುಟ್ಟದೆ ಕಾಲಮಾನವನ್ನು ಮಾತ್ರ ಬದಲಾಯಿಸಿದೆವು. ಪ್ರತಿ ನಿಮಿಷದ ಆರಂಭದಲ್ಲಿ ಹತ್ತು ತೂಗು, ನಿಮಿಷದ ಉಳಿದ ಭಾಗವೆಲ್ಲ ವಿಶ್ರಾಂತಿ. ಹೀಗೆ ಹತ್ತು ನಿಮಿಷ ಒಂದು ದಿನ. ಇನ್ನೊಂದು ದಿನ ಐದು, ಹತ್ತು, ಹದಿನೈದು ಎಂದು ಏರಿ, ಮತ್ತೆ ಐದಕ್ಕೆ ಇಳಿಯುವುದು. ಮಗುದೊಂದು ದಿನ ಗಡಿಯಾರವನ್ನು ನೋಡದೆ, ಒಂದು ಪೂರ್ಣವಾಕ್ಯವನ್ನು ತಡವರಿಸದೆ ಹೇಳಲಾಗುವಷ್ಟು ಉಸಿರು ತಹಬಂದಿಗೆ ಬಂದಮೇಲೆಯೇ ಮುಂದಿನ ಸುತ್ತು. ಈ ಮೂರನೆಯದು ನಮಗೆ ಅಚ್ಚುಮೆಚ್ಚು, ಏಕೆಂದರೆ ವಾಗ್ಭಟನ ಮತಕ್ಕೆ ಇದು ಹತ್ತಿರ. ಬಲವಂತನಾದರೂ ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂದು ಅಷ್ಟಾಂಗಹೃದಯದಲ್ಲಿ ವಿಧಿಸಿದೆ. ಅತಿಯಾಗಿ ಶ್ರಮಿಸುವವನನ್ನು ಅಲ್ಲಿ ಆನೆಯನ್ನೆಳೆಯಲು ಹೋದ ಸಿಂಹಕ್ಕೆ ಹೋಲಿಸಿದೆ. ನಾವು ಸಿಂಹವೂ ಅಲ್ಲ, ಆದರೆ ನಮ್ಮ ಮನೆಯಲ್ಲಿ ಮರದ ಆನೆಯೊಂದಿದೆಯಷ್ಟೆ.

ಎರಡನೆಯದು ನಿಲುಗಡೆಯ ತೂಗು. ಇದರಲ್ಲಿ ಪ್ರತಿಯೊಂದು ತೂಗಿಗೂ ಗುಂಡನ್ನು ಮರಳಿ ನೆಲದ ಮೇಲಿಟ್ಟು, ಉಸಿರೆಳೆದು, ಮತ್ತೆ ಮೊದಲಿನಿಂದ ಆರಂಭಿಸಬೇಕು. ಹಿಂದಿನ ತೂಗಿನ ಓಟದ ನೆರವು ಇಲ್ಲದಿರುವುದರಿಂದ ಐದೇ ಬಾರಿಗೆ ಬೆವರು ಬರುವುದು. ತಪ್ಪುಗಳನ್ನು ತಿದ್ದುವುದರಲ್ಲಿ ಇದಕ್ಕೆ ಸಾಟಿಯಿಲ್ಲವೆಂದು ನಮ್ಮ ಅನುಭವ. ಸರಾಗವಾಗಿ ಶ್ಲೋಕ ಒಪ್ಪಿಸುವ ಹುಡುಗನನ್ನು ನಡುವೆ ನಿಲ್ಲಿಸಿ ಪದಚ್ಛೇದ ಮಾಡಿಸಿದರೆ ಅವನಿಗೆ ಎಷ್ಟು ಗೊತ್ತೆಂಬುದು ಬಯಲಾಗುವುದು; ಇಲ್ಲಿಯೂ ಹಾಗೆಯೇ. ದಿನದ ಅಭ್ಯಾಸವನ್ನು ಈಗಲೂ ನಾವು ಇದರಿಂದಲೇ ಪ್ರಾರಂಭಿಸುವೆವು.

ಅನಂತರ ಬಂದುದು ಒಂಟಿಕೈಯ ತೂಗು. ನೋಡಲು ಸಣ್ಣ ಬದಲಾವಣೆ; ಮಾಡಲು ಬೇರೆಯೇ ವ್ಯಾಯಾಮ. ಭಾರವು ಒಂದೇ ಪಕ್ಕಕ್ಕೆ ಜೋಲುವುದರಿಂದ ಒಡಲು ತಿರುಚಿಕೊಳ್ಳಲು ಹವಣಿಸುವುದು. ತಿರುಚದಂತೆ ತಡೆಯುವ ಕೆಲಸ ಹೊಟ್ಟೆಯ ಮತ್ತು ಪಕ್ಕೆಯ ಸ್ನಾಯುಗಳಿಗೆ ಬೀಳುವುದು. ಹಿಡಿತಕ್ಕೂ ಎರಡು ಕೈಯ ಕೆಲಸ ಒಂದೇ ಕೈಗೆ ಬರುವುದು. ೧೨ ಕಿಲೋಗ್ರಾಂ ಬಿಟ್ಟು ಮತ್ತೆ ೮ಕ್ಕೆ ಇಳಿಯಬೇಕಾಯಿತು. ಇಳಿಯಲು ಅಭಿಮಾನ ಅಡ್ಡಬಂದಿತು; ಕೆಂಪು ಗಾರೆಯ ಹಳ್ಳವನ್ನು ಒಮ್ಮೆ ನೋಡಿದೆವು, ಇಳಿದೆವು. ನಮ್ಮ ಎಡಗೈ ಬಲಗೈಗಿಂತ ಎಷ್ಟು ದುರ್ಬಲವೆಂಬುದು ಅರುವತ್ತು ವರ್ಷಗಳಲ್ಲಿ ಮೊದಲ ಸಲ ತಿಳಿಯಿತು. ಸೀಮೆಸುಣ್ಣ ಹಿಡಿದದ್ದು ಬಲಗೈ, ಕೊಡೆ ಹಿಡಿದದ್ದು ಬಲಗೈ, ಬೆತ್ತ ಹಿಡಿದದ್ದೂ (ಈಗ ಒಪ್ಪಿಕೊಳ್ಳಬೇಕು) ಬಲಗೈಯೇ. ಆದಕಾರಣ ಎಡಗೈಯಿಂದಲೇ ಆರಂಭಿಸಿ, ಅದು ಎಷ್ಟು ಮಾಡುವುದೋ ಅಷ್ಟನ್ನೇ ಬಲಗೈಗೂ ಕೊಡುವ ನಿಯಮವನ್ನಿಟ್ಟುಕೊಂಡೆವು. ಎರಡು ತಿಂಗಳ ಬಳಿಕ ಗುಂಡು ತುದಿಯಲ್ಲಿ ತೇಲುವ ಆ ಕ್ಷಣದಲ್ಲಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವುದನ್ನು ಕಲಿತೆವು. ಇದರಲ್ಲಿ ಎಸೆತವಿಲ್ಲ, ಎರಡನೆಯ ಕೈ ಹಿಡಿಗೆ ತಗಲಿದ ಮೇಲೆಯೇ ಮೊದಲನೆಯದು ಬಿಡುವುದು. ಇದನ್ನು ಮಾತ್ರ ಹಿತ್ತಲಿನ ಮಣ್ಣುನೆಲದ ಮೇಲೆ, ಮಗು ಮನೆಯೊಳಗಿರುವಾಗ ಬಾಗಿಲು ಹಾಕಿಕೊಂಡು ಮಾಡುವೆವು.

ಕಾಲಿನ ನಿಲುವನ್ನು ಬದಲಿಸುವ ಬಗೆಗಳೂ ಉಂಟು. ಒಂದು ಪಾದವನ್ನು ಅರ್ಧ ಪಾದದಷ್ಟು ಹಿಂದಕ್ಕೆ ಸರಿಸಿ ತೂಗಿದರೆ ಮುಂದಿನ ಕಾಲಿಗೆ ಹೆಚ್ಚು ಕೆಲಸ. ಗುಂಡು ಮೇಲಿರುವ ಕ್ಷಣದಲ್ಲಿ ಪಕ್ಕಕ್ಕೆ ಒಂದೊಂದು ಹೆಜ್ಜೆಯಿಡುತ್ತ ಸಾಗುವುದು ಮತ್ತೊಂದು. ವಯಸ್ಸಾದವರಿಗೆ ಬೀಳುವ ಭಯವೇ ದೊಡ್ಡದಾದುದರಿಂದ, ಸಮತೋಲವನ್ನು ಬೆಳೆಸುವ ಅಭ್ಯಾಸವು ವಾರಕ್ಕೆ ಮೂರು ದಿನವಾದರೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಅರುವತ್ತೈದು ದಾಟಿದವರಿಗೆ ಸಲಹೆಯಿತ್ತಿದೆ. ನಾವು ಇನ್ನೂ ಆ ಗೆರೆಯ ಈಚೆಗಿದ್ದರೂ ಹೆಜ್ಜೆಯ ತೂಗನ್ನು ಈಗಿನಿಂದಲೇ ಬಹು ಹಗುರವಾದ ಗುಂಡಿನಿಂದ ಮಾಡುತ್ತಿದ್ದೇವೆ.

ಅಮೆರಿಕದಲ್ಲಿ ಕೆಲವರು ಗುಂಡನ್ನು ಎದೆಯ ಮಟ್ಟದಲ್ಲಿ ನಿಲ್ಲಿಸದೆ ನೆತ್ತಿಯ ಮೇಲಿನವರೆಗೆ ಒಯ್ಯುವರು. ಭುಜದ ಕೀಲು ಸಡಿಲವಾಗಿರುವ ತರುಣರ ಮಾತು ಬೇರೆ. ಕಪ್ಪುಹಲಗೆಯ ಮೇಲಂಚಿನಲ್ಲಿ ಬರೆಯಲು ಕೈಯೆತ್ತಿ ಎತ್ತಿ ಸವೆದ ನಮ್ಮಂಥವರ ಭುಜಕ್ಕೆ ಅದು ಬೇಡವೆಂದು ನಮ್ಮ ಖಚಿತವಾದ ಅಭಿಪ್ರಾಯ. ಭುಜ ಸಾಲದಾದಾಗ ಸೊಂಟವು ಹಿಂದಕ್ಕೆ ಬಾಗಿ ಸಾಲವನ್ನು ತೀರಿಸಬೇಕಾಗುವುದು. ಎರಡು ಕೈಗೆ ಎರಡು ಗುಂಡು ಹಿಡಿದು ತೂಗುವುದನ್ನು ಸೋದರಳಿಯನು ಮಾಡಿ ತೋರಿಸಿದನು. ನೋಡಿ ಸಂತೋಷಪಟ್ಟು ಕಾಫಿ ಕೊಟ್ಟು ಕಳುಹಿಸಿದೆವು.

ತೂಗಿನ ನಡುವೆ ಇತರ ಅಭ್ಯಾಸಗಳನ್ನು ಸೇರಿಸುವುದರಿಂದಲೂ ಬೇಸರ ಕಳೆಯುವುದು. ಹತ್ತು ತೂಗಾದ ಮೇಲೆ ಗುಂಡನ್ನು ಒಂದು ಕೈಯಲ್ಲಿ ಬಿಂದಿಗೆಯಂತೆ ಪಕ್ಕಕ್ಕೆ ಹಿಡಿದು, ವಾಲದೆ, ಬಾವಿಕಟ್ಟೆಯವರೆಗೆ ನಡೆದುಹೋಗಿ ಕೈ ಬದಲಿಸಿ ಹಿಂದಿರುಗುವೆವು. ಹಿಂದೆ ಈ ಬಾವಿಯಿಂದ ನೀರು ಹೊತ್ತವರು ನಮ್ಮ ತಾಯಿ. ಎಂಬತ್ತು ದಾಟಿದರೂ ಅವರಿಗೆ ಸೊಂಟನೋವೆಂಬುದು ತಿಳಿಯದು. ಆ ಬಾವಿಗೆ ಈಗ ಕಬ್ಬಿಣದ ಜಾಲರಿ ಹಾಕಿದೆ. ನೀರಿಲ್ಲದ ಬಾವಿಯವರೆಗೆ ನೀರಿಲ್ಲದ ಭಾರವನ್ನು ಹೊತ್ತು ನಡೆಯುವ ಮಗನನ್ನು ಕಂಡಿದ್ದರೆ ಅವರು ಏನೆನ್ನುತ್ತಿದ್ದರೋ!

ಕಳೆದ ತಿಂಗಳಿಂದ ನಮ್ಮ ಮನೆಯವರೂ ೬ ಕಿಲೋಗ್ರಾಮಿನ ಗುಂಡೊಂದನ್ನು ತರಿಸಿಕೊಂಡಿದ್ದಾರೆ. ಅವರು ನಿಮಿಷದ ಲೆಕ್ಕವನ್ನಾಗಲಿ ಉಸಿರಿನ ಲೆಕ್ಕವನ್ನಾಗಲಿ ಒಪ್ಪರು. ಆದಿತಾಳದ ಎಂಟು ಎಣಿಕೆಗೆ ಎಂಟು ತೂಗು, ಎರಡು ಆವರ್ತ ವಿಶ್ರಾಂತಿ, ಅಷ್ಟೇ ಅವರ ಶಾಸ್ತ್ರ. ಅವರ ಬೆನ್ನು ನಮ್ಮದಕ್ಕಿಂತ ನೇರವಾಗಿ ನಿಲ್ಲುವುದೆಂದು ಸೋದರಳಿಯನು ನಮ್ಮ ಎದುರಿಗೇ ಹೇಳಿದನು. ಹೋದ ಭಾನುವಾರ ಮಗಳು ಮತ್ತೆ ಬಂದಿದ್ದಳು. ಹುಡುಗನ ತೂಕ ಈಗ ೧೫ ಕಿಲೋಗ್ರಾಂ. ಅವನು ಕೈ ಚಾಚಿದನು. ಅವಳು ಬಾಯಿ ತೆರೆಯುವುದರೊಳಗಾಗಿ, ಪೃಷ್ಠವನ್ನು ಹಿಂದಕ್ಕೆ ಸರಿಸಿ ಬೆನ್ನನ್ನು ನೇರವಾಗಿಟ್ಟು ಬಗ್ಗಿ, ಅವನನ್ನೆತ್ತಿಕೊಂಡು ಬಾವಿಕಟ್ಟೆಯವರೆಗೆ ಹೋಗಿಬಂದೆವು. ಕೈ ಬದಲಿಸಲು ಅವನು ಒಪ್ಪಲಿಲ್ಲ.